ಕಡತದಿಂದ ತೆಗೆದ ಮಾತು

ಮಾತಿಗೆ ಎದ್ದು ನಿಂತಾಗ ಅವರು ಮೊದಲು ನಾಲಿಗೆಯಿಂದ ಮೇಲಿನ ಹಲ್ಲುಸೆಟ್ಟನ್ನು ಒತ್ತಿ ಕೂರಿಸಿಕೊಳ್ಳುತ್ತಿದ್ದರು. ಟಕ್ ಎಂದು ಸಣ್ಣ ಸದ್ದು. ಮುಂದಿದ್ದ ಮೈಕಿನಿಂದಾಗಿ ಅದು ಇಡೀ ವಿಧಾನಸಭೆಗೆ ಕೇಳುತ್ತಿತ್ತು. ಕೇಳಿದ ಮಂತ್ರಿಗಳು ಸುಮ್ಮನೆ ತಮ್ಮ ಕಾಗದಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಜಿಲ್ಲೆಯಿಂದ ಮತ್ತೆ ಮತ್ತೆ ಗೆದ್ದು ಹೋದ ಆ ಹಿರಿಯ ಶಾಸಕರನ್ನು ತುಮಕೂರಿನಲ್ಲಿ ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ.

ನಾನು ಕುಣಿಗಲ್‌ನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಧಿವೇಶನ ಹತ್ತಿರ ಬಂದಾಗ ಭಾನುವಾರಗಳಂದು ಅವರ ಮನೆಗೆ ಹೋಗಿ ಪ್ರಶ್ನೆಗಳನ್ನು ಬರೆದುಕೊಡುತ್ತಿದ್ದೆ. ಮೊದಲ ಸಲ ಬರೆದದ್ದನ್ನು ಓದಿ ಅವರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಇಲಿ ಹಿಡಿದ ಹಾಗೆ.

‘ಏನಮ್ಮ ಮೇಷ್ಟ್ರೇ, ಪೂರ್ತಿ ಬೈದಿದೀಯಲ್ಲ. ಬೈದ್ರೆ ಮಂತ್ರಿ ನಗ್ತಾನೆ. ತಾರೀಖು ಕೇಳು, ಬೆವರ್ತಾನೆ.’

ಅದು ನಿಜವಾಗಿತ್ತು. ಗುಬ್ಬಿ ಕಡೆಯ ಹಳ್ಳಿಯೊಂದಕ್ಕೆ ಬಸ್ಸು ಬಂದದ್ದು ಅಂಥ ಒಂದು ಪ್ರಶ್ನೆಯಿಂದ. ಸದನವನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಊಟದ ಬಿಡುವಿನಲ್ಲೂ ಅಲ್ಲಿನ ಗ್ರಂಥಾಲಯದಲ್ಲಿ ಹಳೆಯ ಚರ್ಚೆಗಳನ್ನು ಓದುತ್ತ ಕೂರುತ್ತಿದ್ದರು.

ಸದನದಲ್ಲಿ ಆಡುವ ಮಾತನ್ನು ಹರಿತ ಮಾಡಿಕೊಳ್ಳುತ್ತಿದ್ದದ್ದು ಮಾತ್ರ ನಮ್ಮಂಥವರ ಮೈಮೇಲೆ. ಬೆಳಗ್ಗೆ ಮನೆಯ ವರಾಂಡದಲ್ಲಿ ಒಂದು ಕುರ್ಚಿ ಹಾಕಿಸುತ್ತಿದ್ದರು. ಯಾವ ಕೆಲಸಕ್ಕೆ ಬಂದವರೇ ಆಗಲಿ, ಅದರಲ್ಲಿ ಕೂತು ಸ್ವಲ್ಪ ಹೊತ್ತು ‘ಮಂತ್ರಿ’ ಆಗಬೇಕು. ಸಾಹೇಬರು ಎದುರು ನಿಂತು ಪ್ರಶ್ನೆ ಕೇಳುತ್ತಾರೆ. ವರ್ಗಾವಣೆ ಕೇಳಲು ಬಂದಿದ್ದ ಗುಬ್ಬಿಯ ಗುಮಾಸ್ತರೊಬ್ಬರಿಗೆ ಸುತ್ತ ಕೂತ ಜನ ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ಸಾಹೇಬರು ಬಾಗಿ ಅವರ ಮುಖ ನೋಡಿದರು. ‘ಅಳೋದು ಚೆನ್ನಾಗೈತೆ. ನಿಜವಾದ ಮಂತ್ರಿಗೂ ಇಷ್ಟು ಚೆನ್ನಾಗಿ ಬರಲ್ಲ. ವರ್ಗ ಯಾಕಪ್ಪಾ, ನಾಟಕದ ಕಂಪನಿ ಸೇರ್ಕೊ.’ ಎಲ್ಲರೂ ನಕ್ಕರು. ನನಗೂ ನಗು ಬಂತು.

ಅಮೃತೂರಿನ ಹತ್ತಿರ ನಮ್ಮೂರ ಕೆರೆಯಂಗಳವನ್ನು ಮಣ್ಣಿಗಾಗಿ ಹಗಲಿನಲ್ಲೇ ಅಗೆಯುತ್ತಿದ್ದರು. ನೀರು ನಿಂತ ಆ ಗುಂಡಿಯಲ್ಲಿ, ಬಟ್ಟೆ ಒಗೆಯಲು ಹೋದ ನಮ್ಮ ಪಕ್ಕದ ಮನೆಯ ಹುಡುಗಿ ಮುಳುಗಿ ಸತ್ತಳು. ಟಿಪ್ಪರ್‌ಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಯಾರ ಗಾಡಿಗಳೆಂದೂ ಗೊತ್ತಿತ್ತು. ಎಲ್ಲವನ್ನೂ ಸಾಹೇಬರಿಗೆ ಹೇಳಿ ಒಂದೇ ಮಾತು ಕೇಳಿಕೊಂಡೆ: ಹೇಳಿದ್ದು ನಾನು ಎಂದು ಹೊರಗೆ ಬರಬಾರದು. ದಿನಾ ಅದೇ ದಾರಿಯಲ್ಲಿ ಒಬ್ಬಳೇ ಸ್ಕೂಟರಿನಲ್ಲಿ ಓಡಾಡುವವಳು ನಾನು.

‘ನಿನ್ನ ಹೆಸ್ರು ನನ್ನ ಬಾಯಿಂದ ಬರಲ್ಲ ಕಣಮ್ಮ. ಬೇಕಾದ್ರೆ ಗ್ಯಾಲರೀಲಿ ಕೂತು ನೋಡು.’

ಪಾಸು ಕೊಡಿಸಿದರು. ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ನೋಡಿದೆ. ಅವರ ಮಾತು ಅದ್ಭುತವಾಗಿತ್ತು. ಇಂದಿಗೂ ಹಾಗೆಯೇ ಹೇಳುತ್ತೇನೆ. ಒಂದು ಬೈಗುಳವಿಲ್ಲದೆ, ಬರೀ ತಾರೀಖುಗಳಿಂದ ಮಂತ್ರಿಯನ್ನು ಮೂಲೆಗೆ ತಂದಿದ್ದರು. ಬೇರೆ ದಾರಿ ಕಾಣದೆ ಮಂತ್ರಿ, ‘ಇದೆಲ್ಲಾ ಊಹೆ. ಕಂಡವರು ಯಾರು? ಸಾಕ್ಷಿ ಎಲ್ಲಿ?’ ಎಂದರು. ಅವರ ಕಡೆಯ ಬೆಂಚುಗಳಲ್ಲಿ ನಗೆ ಎದ್ದಿತು.

ತಮ್ಮನ್ನು ನೋಡಿ ನಗುವುದನ್ನು ಸಾಹೇಬರು ಸಹಿಸುತ್ತಿರಲಿಲ್ಲ. ಟಕ್ ಎಂಬ ಸದ್ದು ಕೇಳಿಸಿತು. ಅವರು ಕೈ ಎತ್ತಿ ಗ್ಯಾಲರಿಯ ಕಡೆ ತೋರಿಸಿದರು.

‘ಸಾಕ್ಷಿ ಅಲ್ಲಿ ಕೂತವ್ರೆ ನೋಡಿ. ನೀಲಿ ಸೀರೆ. ಕುಣಿಗಲ್‌ನಲ್ಲಿ ಪಾಠ ಮಾಡ್ತಾರೆ.’

ಗ್ಯಾಲರಿಯಲ್ಲಿದ್ದವರನ್ನು ಸದಸ್ಯರು ತೋರಿಸುವಂತಿಲ್ಲ. ‘ಕಡತದಿಂದ ತೆಗೆಯಿರಿ’ ಎಂದರು ಸಭಾಧ್ಯಕ್ಷರು. ಆ ಸಾಲು ಕಡತದಿಂದ ಹೋಯಿತು. ಮಂತ್ರಿ ತನಿಖೆಗೆ ಒಪ್ಪಿದರು. ಮೇಜುಗಳನ್ನು ತಟ್ಟಿದ ಸದ್ದಿನಲ್ಲಿ ನಾನು ಸೆರಗನ್ನು ಬ್ಯಾಗಿನೊಳಗೆ ತುರುಕಲು ನೋಡುತ್ತಿದ್ದೆ, ಬಣ್ಣ ಮುಚ್ಚಲು ಸಾಧ್ಯವೆಂಬಂತೆ.

ಹೊರಗೆ ನಾನು ಕೇಳಿದ್ದಕ್ಕೆ, ‘ಹೆಸ್ರು ಹೇಳಿದ್ನಾ? ಸೀರೆ ಹೇಳ್ದೆ, ಬುಡು’ ಎಂದು ಕಾರು ಹತ್ತಿದರು.

ಅದೇ ವಾರ ಕಾಲೇಜು ಮುಗಿಸಿ ಬರುವಾಗ ಅಮೃತೂರು ರಸ್ತೆಯಲ್ಲಿ ಹಿಂದೆ ಟಿಪ್ಪರ್ ಬಂತು. ದಾರಿ ಬಿಟ್ಟೆ, ಮುಂದೆ ಹೋಗಲಿಲ್ಲ. ನಿಧಾನ ಮಾಡಿದೆ, ಅದೂ ನಿಧಾನ ಮಾಡಿತು. ಆಮೇಲೆ ಗೇರ್ ಬದಲಾದ ಸದ್ದು. ಈಗಲೂ ಪಾಠದ ಮಧ್ಯೆ ನನ್ನ ಕಿವಿ ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ: ಅಲ್ಲೇ ಎಡಕ್ಕೆ ತಿರುಗಿದ್ದರೆ, ಸ್ಕೂಟರ್ ಬಿಟ್ಟು ಹಾರಿದ್ದರೆ. ಬಂಪರ್ ತಾಗಿದ್ದು ಗೊತ್ತು. ತೆಂಗಿನ ತೋಟದ ಬೇಲಿಯ ಮೇಲೆ ಬಿದ್ದಿದ್ದೆ. ಗಾಡಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಬಹಳ ಮರ್ಯಾದೆಯಿಂದ ಕೇಳಿದ:

‘ಯಾಕ್ ಮೇಡಂ, ಇವತ್ತು ನೀಲಿ ಸೀರೆ ಉಟ್ಟಿಲ್ವಾ?’

ಗಾಡಿಗೆ ನಂಬರ್ ಪ್ಲೇಟ್ ಇರಲಿಲ್ಲ.

ಪೊಲೀಸರು ಇದನ್ನು ಅಪಘಾತವೆಂದು ಬರೆದುಕೊಂಡರು. ‘ಸದನದಲ್ಲಿ ನಿಮ್ಮನ್ನ ತೋರ್ಸಿದ್ರು ಅಂತೀರ. ದಾಖಲೆ ತನ್ನಿ’ ಎಂದರು. ದಾಖಲೆಯಲ್ಲಿ ಆ ಸಾಲೇ ಇರಲಿಲ್ಲ. ತೆಗೆದ ಮಾತನ್ನು ಪ್ರಸಾರ ಮಾಡುವಂತಿಲ್ಲವೆಂದು ಚಾನೆಲ್‌ನವರೂ ಅಳಿಸಿದ್ದರು. ನೋಡಬೇಕಾದವರು ಮಾತ್ರ ನೇರ ಪ್ರಸಾರದಲ್ಲಿ ಆಗಲೇ ನೋಡಿಯಾಗಿತ್ತು.

ಇನ್ನು ಉಳಿದದ್ದು ಸಾಹೇಬರ ಹೇಳಿಕೆ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ತುಮಕೂರಿಗೆ ಹೋದೆ. ವರಾಂಡದಲ್ಲಿ ಜನ ತುಂಬಿದ್ದರು. ‘ನೀವು ನನ್ನನ್ನು ತೋರಿಸಿದಿರಿ ಅಂತ ಪೊಲೀಸರಿಗೆ ಒಂದು ಮಾತು ಹೇಳಿ ಸಾರ್’ ಎಂದೆ.

‘ಸಭಾಧ್ಯಕ್ಷರು ತೆಗ್ಸಿದ ಮಾತನ್ನ ನಾನು ಹೊರ್ಗಡೆ ಆಡ್ಬಾರ್ದಮ್ಮ. ಸದನಕ್ಕೆ ಅಗೌರವ. ಇಷ್ಟು ವರ್ಷ ಆ ತಪ್ಪು ಮಾಡ್ದೋನಲ್ಲ ನಾನು.’ ನನ್ನ ಕೈಕಟ್ಟನ್ನು ನೋಡಿದರು. ಆಮೇಲೆ ಕುರ್ಚಿ ತೋರಿಸಿದರು. ‘ಬಂದಿದೀಯಲ್ಲ, ಕೂತ್ಕೊ. ಮಂತ್ರಿ ಆಗು.’

ಯಾಕೆ ಕೂತೆನೋ ತಿಳಿಯದು. ಕೂತೆ. ಅವರು ತಮ್ಮ ಮುಂದಿನ ಚರ್ಚೆಯ ಮೊದಲ ಪ್ರಶ್ನೆ ಕೇಳಿದರು.

‘ಸಾಕ್ಷಿ ಎಲ್ಲಿ?’ ಎಂದೆ.

ಸಾಹೇಬರು ಮನಸಾರೆ ನಕ್ಕರು. ‘ಭೇಷ್. ಕಲ್ತವ್ಳೆ ನೋಡ್ರೋ.’

ಅವರು ಹೇಳಿಕೆ ಕೊಡಲಿಲ್ಲ. ನನ್ನ ದೂರು ಮುಕ್ತಾಯವಾಯಿತು. ಕಳೆದ ತಿಂಗಳು ಸಾಹೇಬರು ನಿದ್ದೆಯಲ್ಲೇ ತೀರಿಕೊಂಡರು. ಅವರೊಬ್ಬರೇ ಆಡಬಹುದಾಗಿದ್ದ ಮಾತು ಅವರೊಂದಿಗೇ ಹೋಯಿತು.

ಸದನದ ಸಂತಾಪ ಸೂಚನೆಯನ್ನು ಮನೆಯಲ್ಲಿ ಅಮ್ಮನ ಜೊತೆ ಟೀವಿಯಲ್ಲಿ ನೋಡಿದೆ. ಸಾಕ್ಷಿ ಕೇಳಿದ್ದ ಅದೇ ಮಂತ್ರಿ ಗದ್ಗದರಾಗಿದ್ದರು. ‘ಅವರ ಒಂದೇ ಒಂದು ಮಾತನ್ನೂ ಕಡತದಿಂದ ತೆಗೆಯಬೇಕಾಗಿ ಬಂದಿರಲಿಲ್ಲ’ ಎಂದರು. ಕಡತ ನೋಡಿದರೆ ಅದೇ ಸತ್ಯ.

ಮೌನಾಚರಣೆಗೆ ಸದನ ಎದ್ದು ನಿಂತಿತು. ನಾನು ಕೂತೇ ಇದ್ದೆ.

‘ಎದ್ ನಿಂತ್ಕೊಳೇ. ಸತ್ತೋರ ಮೇಲೆ ಏನ್ ಕೋಪ’ ಎಂದರು ಅಮ್ಮ.

ಎದ್ದೆ. ಹೋಗಿ, ಮುಂಬಾಗಿಲಿಗೆ ಅಗುಳಿ ಹಾಕಿದೆಯೇ ಎಂದು ನೋಡಿ ಬಂದೆ.