ಡೆಂಕಣಿಕೋಟೆಗೆ ಬಂದರೂ ಹೊಸೂರಿನಲ್ಲೇ ಇದ್ದ ಲ್ಯಾಪ್‌ಟಾಪ್

ಕೊರೊನಾ ಕಳೆದ ಮರುವರ್ಷ ನಾನು ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದೆ. ಹೆಸರು ದೊಡ್ಡದು. ಕೆಲಸವೆಂದರೆ, ಊಟಕ್ಕೆ ಕೂತಾಗಲೇ ಬರುವ ಫೋನಿಗೆ ‘ಆಫ್ ಮಾಡಿ ಆನ್ ಮಾಡಿ’ ಎನ್ನುವುದು. ಸಾಕಾಗಿಹೋಗಿತ್ತು.

ನಮ್ಮ ಇಸಿಜಿ ಲ್ಯಾಪ್‌ಟಾಪ್ ವಾರಕ್ಕೆರಡು ದಿನ ಡೆಂಕಣಿಕೋಟೆಯ ಶಾಖೆಗೆ ಹೋಗುತ್ತಿತ್ತು. ಎರಡು ಕಡೆಯ ನೆಟ್‌ವರ್ಕ್ ಬೇರೆ ಬೇರೆ. ಅದಕ್ಕೇ ಆನ್ ಮಾಡಿದೊಡನೆ ‘ಹೊಸೂರು’, ‘ಡೆಂಕಣಿಕೋಟೆ’ ಎಂಬ ಮೆನು ಬರುವಂತೆ ಮಾಡಿದ್ದೆ. ಯಾವುದನ್ನು ಒತ್ತುತ್ತೇವೋ ಆ ಊರಿನ ಸೆಟ್ಟಿಂಗ್‌ನಲ್ಲಿ ಯಂತ್ರ ಏಳುತ್ತದೆ. ಕೆಲವು ಸೆಕೆಂಡ್ ಯಾರೂ ಒತ್ತದಿದ್ದರೆ ತಾನೇ ‘ಹೊಸೂರು’ ಆರಿಸಿಕೊಳ್ಳುತ್ತದೆ.

ಡೆಂಕಣಿಕೋಟೆಗೆ ಹೊಸದಾಗಿ ಬಂದ ನರ್ಸ್ ಮುನಿರತ್ನಮ್ಮನದು ಪ್ರತಿ ಸಲವೂ ಒಂದೇ ಫೋನು: “ನೆಟ್ಟು ಬರಾಕಿಲ್ಲ ಸಾರ್.” ಮೆನು ಬಂತೇ ಎಂದರೆ, “ಯಾವ ಮೆನು? ನಂಗೇನೂ ಕಾಣ್ಲಿಲ್ಲ.” ಬೇರೆ ಕೇಬಲ್ ಕಳಿಸಿದೆ, ಬೇರೆ ಮೋಡೆಮ್ ಕಳಿಸಿದೆ. ಕೊನೆಗೆ ಮಂಡಿನೋವಿನಲ್ಲೇ ಗೊಣಗಿಕೊಂಡು ಬಸ್ ಹತ್ತಿದೆ.

ನಾನು ಹೋದಾಗ ಚಿನ್ನಪ್ಪ ಎಂಬ ರೈತರು ಎದೆ ಹಿಡಿದು ಕೂತಿದ್ದರು. ಜೊತೆಗೆ ಅವರ ತಮ್ಮ. ಇಸಿಜಿ ತೆಗೆದಾಗಿತ್ತು, ಹೊಸೂರಿನ ಡಾಕ್ಟರಿಗೆ ಮಾತ್ರ ಹೋಗುತ್ತಿರಲಿಲ್ಲ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಿದ್ದಕ್ಕೆ, ಗೆರೆಗಳೆಲ್ಲ ಮಬ್ಬು, ಏನೂ ಹೇಳಲಾರೆ ಎಂದಿದ್ದರು ಡಾಕ್ಟರ್.

“ಗ್ಯಾಸು ಕಣ್ಲಾ, ನಡಿ. ಆನೆ ಬತ್ತವೆ, ರಾಗಿ ಒಲ ಕಾಯೋರ್ಯಾರು?” ಎಂದು ತಮ್ಮನನ್ನು ಗದರಿ ಚಿನ್ನಪ್ಪ ಎದ್ದೇಬಿಟ್ಟರು. ಡಾಕ್ಟರು ಹೇಳದೆ ಅವರು ಯಾರ ಮಾತಿಗೂ ನಿಲ್ಲುವ ಆಸಾಮಿಯಲ್ಲ.

ಮುನಿರತ್ನಮ್ಮ ಗಾಬರಿಯಿಂದ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಳು. ಮಾಡಿದವಳೇ ಅದಕ್ಕೆ ಕೈ ಮುಗಿದು ಕಣ್ಣು ಮುಚ್ಚಿದಳು. ಮೆನು ಬಂತು, ಹೋಯಿತು. ಅವಳು ಕಣ್ಣು ಬಿಡುವಷ್ಟರಲ್ಲಿ ಯಂತ್ರ ‘ಹೊಸೂರು’ ಹಿಡಿದಾಗಿತ್ತು. ಅಯ್ಯೋ ದೇವರೇ! ಇಷ್ಟು ದಿನ ನಾನು ‘ಆಫ್, ಆನ್’ ಎಂದಾಗಲೆಲ್ಲ ಈಕೆ ಹೀಗೇ ಕೈ ಮುಗಿದಿದ್ದಾಳೆ. ರೋಗಿಯ ಸ್ಥಿತಿ ಕೆಟ್ಟಷ್ಟೂ ಪ್ರಾರ್ಥನೆ ಉದ್ದವಾಗಿದೆ.

ನಾನೇ ಮತ್ತೆ ಆನ್ ಮಾಡಿ ‘ಡೆಂಕಣಿಕೋಟೆ’ ಒತ್ತಿದೆ. ಇಸಿಜಿ ಹೋಯಿತು. ಡಾಕ್ಟರ್ ಫೋನಿನಲ್ಲಿ ಕೂಗಿಕೊಂಡರು: “ಹಾರ್ಟ್ ಅಟ್ಯಾಕ್! ಒಂದು ಹೆಜ್ಜೆನೂ ನಡೆಸ್ಬೇಡಿ!” ಚಿನ್ನಪ್ಪ ಆಗಲೇ ಗೇಟು ದಾಟಿದ್ದರು. ತಮ್ಮ ಓಡಿಹೋಗಿ ತಬ್ಬಿ ಹಿಡಿದುಕೊಂಡ. ಆಂಬುಲೆನ್ಸ್ ಹೊಸೂರು ಮುಟ್ಟಿತು, ಜೀವ ಉಳಿಯಿತು.

ಅಂದಿನಿಂದ ಎಲ್ಲಿ ದೂರು ಬಂದರೂ ನಾನು ಮೊದಲು ಯಂತ್ರ ಮುಟ್ಟುವುದಿಲ್ಲ. ಅದರ ಮುಂದೆ ಕೂರುವವರು ಏನು ಮಾಡುತ್ತಾರೆಂದು ಸುಮ್ಮನೆ ನಿಂತು ನೋಡುತ್ತೇನೆ.

ಆ ಸಂಜೆಯೇ ಮೆನುವಿನ ಟೈಮರ್ ತೆಗೆದುಹಾಕಿದೆ; ಇನ್ನು ಯಾರಾದರೂ ಒತ್ತುವವರೆಗೂ ಮೆನು ಹೋಗುವುದಿಲ್ಲ. ಆದದ್ದೇನೆಂದು ತಿಳಿದು ಮುನಿರತ್ನಮ್ಮನ ಕಣ್ಣು ತುಂಬಿತ್ತು. “ಇನ್ಮೇಲೆ ಕೈ ಮುಗಿಯಾದ್ ಬುಟ್ಬುಡ್ಲಾ ಸಾರ್?”

“ಬೇಡಮ್ಮ, ನಿಧಾನವಾಗಿ ಮುಗಿ. ಅದು ಕಾಯ್ತದೆ.”