ಮುಚ್ಚಳದ ಮೇಲಿನ ಕುಂಕುಮ

ನಾನು ಚಿಕ್ಕವಳಿದ್ದಾಗ, ಗುಬ್ಬಿಯ ನಮ್ಮ ಮನೆಯ ಹಿತ್ತಲಲ್ಲಿ ನಿಂತು ಒಂದು ಬೆಳಿಗ್ಗೆ ಎಣಿಸಿದ ಎಣಿಕೆ ಈಗಲೂ ನೆನಪಿದೆ. ನೂರ ಹತ್ತು. ಅಷ್ಟು ಎಣಿಸುವ ಹೊತ್ತಿಗೆ ಅಪ್ಪನ ಮರ ಕೊಯ್ಯುವ ಮಿಷನ್ ಕೆಮ್ಮಿ ನಿಂತುಬಿಡುತ್ತಿತ್ತು.

ಬೆಳಗಿನ ಜಾವದ ಗಾಳಿಮಳೆಗೆ ದೊಡ್ಡ ಹುಣಸೆಮರ ಕೊಟ್ಟಿಗೆಯ ಮೇಲೆ ಬಿದ್ದಿತ್ತು. ಒಳಗೆ ನಮ್ಮ ಗಬ್ಬದ ಹಸು ಸಿಕ್ಕಿಕೊಂಡಿತ್ತು. ಮುರಿದ ಹೆಂಚುಗಳ ಸಂದಿಯಲ್ಲಿ ಅದರ ಮೂಗು ಮಾತ್ರ ಕಾಣುತ್ತಿತ್ತು. ಅಪ್ಪ ಕೊಡಲಿ ಎತ್ತಿದರು. ಮೊದಲ ಏಟಿಗೇ ದಿಮ್ಮಿ ಅದುರಿ ನಾಲ್ಕು ಬೆರಳು ಕೆಳಕ್ಕೆ ಜಾರಿತು. ಅಪ್ಪ ಕೊಡಲಿ ಕೆಳಗಿಟ್ಟರು. ಹಾಗೆ ಅದುರಿಸದೆ ಕೊಯ್ಯಲು ಇದ್ದದ್ದು ಆ ಮಿಷನ್ ಒಂದೇ.

ಅಪ್ಪ ಕಾಫಿ ತೋಟದಲ್ಲಿ ದುಡಿಯುತ್ತಿದ್ದಾಗ ಯಜಮಾನರು ಕೊಟ್ಟಿದ್ದ ಯಂತ್ರ ಅದು, ಅಕ್ಕನಿಗಿಂತಲೂ ಹಳೆಯದು. ಹಗ್ಗ ಎಳೆದರೆ ಹೊತ್ತಿಕೊಂಡು ನೀಲಿ ಹೊಗೆ ಉಗುಳುತ್ತ, ಹಸಿ ಮರದ ಪುಡಿ ಹಾರಿಸುತ್ತಿತ್ತು. ಆಮೇಲೆ ನಿಲ್ಲುತ್ತಿತ್ತು. ಪಕ್ಕದ ಮನೆಯ ಗ್ಯಾರೇಜಿನ ಮಾವ ಪ್ಲಗ್ ಬಿಚ್ಚಿ ಉಜ್ಜಿದರು. ಕಾರ್ಬುರೇಟರ್ ತೊಳೆದರು. ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ತುಂಬಿದರು. ಪ್ರತಿ ಸಲವೂ ಹೊತ್ತಿತು, ಪ್ರತಿ ಸಲವೂ ನಿಂತಿತು. ದಿಮ್ಮಿ ಇನ್ನೊಂದು ಬೆರಳು ಇಳಿಯಿತು.

“ಇದ್ನ ಗುಜರಿಗೆ ಹಾಕ್ಬುಡಣ್ಣ. ನಮ್ಮಜ್ಜಿಗೂ ಇಷ್ಟು ಉಬ್ಬಸ ಇರ್ಲಿಲ್ಲ,” ಅಂದರು ಮಾವ.

ಅಕ್ಕ ನನ್ನ ಕಡೆ ತಿರುಗಿದಳು. “ಎಷ್ಟಕ್ಕೆ ನಿಲ್ತೈತೆ?”

“ನೂರಾ ಹತ್ತರ ಹತ್ರ. ನಾಕು ಸಲನೂ. ಟ್ಯಾಂಕಿನ ಮುಚ್ಚಳ ತೆಗ್ದಾಗೆಲ್ಲ ಸುಸ್ ಅಂತು,” ಎಂದೆ.

ಅಕ್ಕ ಮಿಷನ್ ಮುಂದೆ ಕೂತಳು.

“ಏಯ್, ಒಲೆ ಅಲ್ಲ ಕಣವ್ವ ಅದು. ಮುಟ್ಬ್ಯಾಡ,” ಎಂದರು ಮಾವ.

“ಒಲೆ ಹಚ್ಚೋರಿಗೇ ಗೊತ್ತಾಗೋದು ಮಾವ. ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬತ್ತೈತಾ? ಗಾಳಿ ಒಳಗೋಗಕ್ಕೆ ಇನ್ನೊಂದು ಬ್ಯಾಡ್ವಾ?”

ಪೆಟ್ರೋಲ್ ಇಳಿಯಬೇಕಾದರೆ ಗಾಳಿ ಒಳಹೋಗಲು ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರಬೇಕಿತ್ತು. ಅಲ್ಲಿ ಕುಂಕುಮವಿತ್ತು. ಪ್ರತಿ ಆಯುಧಪೂಜೆಗೂ ಅಪ್ಪ ಅದೇ ಮುಚ್ಚಳದ ನಡುವೆ ಗಂಧ, ಕುಂಕುಮ ಇಡುತ್ತಿದ್ದರು, ಹಳೆಯದನ್ನು ಒರೆಸುತ್ತಿರಲಿಲ್ಲ. ಜಿಡ್ಡು ಸೇರಿ ಅದು ಅರಗಿನಂತೆ ಗಟ್ಟಿಯಾಗಿತ್ತು. ಅಕ್ಕ ತಲೆಯಿಂದ ಹೇರ್‌ಪಿನ್ನು ತೆಗೆದಳು.

“ಪೂಜೆ ಮಾಡಿದ್ದು ಕಣೇ! ಕೆರೀಬ್ಯಾಡ!” ಅಪ್ಪ ಕೂಗಿದರು. ಅಪ್ಪನಿಗೆ ಯಾರಾದರೂ ಎದುರಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಕೆರೀತೀನಿ ಕಣಪ್ಪ. ಪಾಪ ಬಂದ್ರೆ ನಂಗೇ ಬರ್ಲಿ. ಹಸ ಸಾಯ್ತಾ ಐತೆ.”

ಕೆಂಪು ಚೂರುಗಳು ಅವಳ ಅಂಗೈಗೆ ಉದುರಿದವು. ಪಿನ್ನಿನ ತುದಿ ಮುಚ್ಚಳದ ಆಚೆ ಇಣುಕಿತು. ಊದಿ ನೋಡಿ, ಮುಚ್ಚಳ ಬಿಗಿದು, ತಾನೇ ಹಗ್ಗ ಎಳೆದು, ಅಪ್ಪನಿಗೆ ಜಾಗ ಬಿಟ್ಟಳು. ಅಪ್ಪ ಮಿಷನ್ ಎತ್ತಿಕೊಂಡರು.

ನಾನು ಎಣಿಸಿದೆ. ನೂರ ಒಂಬತ್ತು. ನೂರ ಹತ್ತು. ನೂರ ಹನ್ನೊಂದು. ಇನ್ನೂರು ದಾಟಿದ ಮೇಲೆ ಎಣಿಸುವುದನ್ನೇ ಮರೆತೆ.

ದಿಮ್ಮಿ ತುಂಡಾಗಿ ಆಚೆಗೆ ಉರುಳಿತು. ಹಸು ಎರಡು ಸಲ ಕುಸಿದು, ಮೂರನೆಯ ಸಲ ಎದ್ದು ನಿಂತಿತು. ಅಕ್ಕ ಅಂಗೈಯಲ್ಲಿದ್ದ ಕುಂಕುಮವನ್ನು ಅದರ ಹಣೆಗೆ ಒತ್ತಿದಳು. ಮಾವ ಸ್ಪ್ಯಾನರುಗಳನ್ನು ಆರಿಸಿಕೊಂಡರು.

ಮಕ್ಕಳೇ, ನಿಮ್ಮ ಮನೆಯ ಸ್ಕೂಟರಿಗೆ ಪೆಟ್ರೋಲೂ ಬೇಡ, ಚಾರ್ಜ್ ಹಾಕಿದರಾಯಿತು. ಕೆಟ್ಟರೆ ಫೋನ್ ಮಾಡುತ್ತೀರಿ, ಯಾರೋ ಬಂದು ಒಯ್ಯುತ್ತಾರೆ. ಸೀಮೆಎಣ್ಣೆ ಡಬ್ಬವನ್ನು ನೀವು ಕಂಡೇ ಇಲ್ಲ. ಆದರೆ ಮೊನ್ನೆ ಸೈಕಲ್ ಚೈನ್ ಸಿಕ್ಕಿಕೊಂಡಾಗ ನಿಮ್ಮಲ್ಲೇ ಅಣ್ಣ ತಂಗಿಗೆ, “ನಿಂಗೇನ್ ಗೊತ್ತು, ಮುಟ್ಬೇಡ” ಅಂದದ್ದು ನನಗೆ ಕೇಳಿಸಿತು. ಆ ಮಾತು ಮಾತ್ರ ಹಳೆಯದೇ.

ಅದಕ್ಕೇ ಆಗ ನಾನು ತಲೆಯಿಂದ ಪಿನ್ನು ತೆಗೆದು ಆ ತಂಗಿಯ ಕೈಗೆ ಕೊಟ್ಟೆ.