ತಗ್ಗಿಗೆ ಕಾದ ಮೇಡಂ

ಕನ್ನಡಕದ ಕಾಲು ಮುರಿದಾಗ ಮೇಡಂ ಅದಕ್ಕೆ ತಾಮ್ರದ ತಂತಿ ಸುತ್ತಿಕೊಂಡಿದ್ದರು. ಬೆವರಿಗೆ ತಂತಿ ಕಿಲುಬು ಹಿಡಿದು ಅವರ ಬಲಗಿವಿಯ ಹಿಂದೆ ಸದಾ ಒಂದು ಹಸಿರು ಗೆರೆ. ಹೊಸದು ಮಾಡಿಸಿಕೊಳ್ಳಿ ಎಂದರೆ, "ಕಾಣಸ್ತೈತೆಲ್ಲ, ಸಾಕ ಬಿಡ" ಅನ್ನುತ್ತಿದ್ದರು.

ಬೆಳಗಾವಿಯ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದೆ. ಕೆಲಸ ಕೇಳಲು ಸಣ್ಣದು. ಕಂಪ್ಯೂಟರಿನೊಳಗೆ ಕಣಗಳು ಎಲ್ಲೆಂದರಲ್ಲಿ ಬಿದ್ದು ಅಂಟಿಕೊಳ್ಳುತ್ತವೆ, ಒಂದು ಮೇಲ್ಮೈ ಬೆಳೆಯುತ್ತದೆ. ಅಲ್ಲಿ ತೀರಾ ಅಪರೂಪಕ್ಕೆ ಏನಾಗುತ್ತದೆಂದು ನೋಡುವುದು. ಒಂದು ಜಾಗ ಉಳಿದವನ್ನು ಬಿಟ್ಟು ಎತ್ತರಕ್ಕೆ ಹೋಗುವುದು ಆಗೀಗ ಕಾಣುತ್ತದೆ. ಮೇಡಂ ಕಾಯುತ್ತಿದ್ದದ್ದು ತಗ್ಗಿಗೆ, ಒಂದು ಜಾಗ ಬೆಳೆಯದೆ ಕೆಳಗೇ ಉಳಿಯುವುದಕ್ಕೆ. "ಮ್ಯಾಲ ಹೋಗಾಕ ಒಂದ ಜಾಗದ ನಸೀಬ ಸಾಕವಾ. ತಳಕ್ಕ ಉಳೀಬೇಕಂದ್ರ ಬಾಜೂದಾವು ಎಲ್ಲಾ ತಡೀಬೇಕು. ಒಂದ ಬೆಳದ್ರೂ ಕೈ ಹಿಡದ ಎಳಕೊಂಡ ಬಿಡತೈತಿ." ಬೇರೆ ಕಡೆಯ ಸಂಶೋಧಕರು ಲೆಕ್ಕದ ಉಪಾಯದಿಂದ ಅಂಥ ತಗ್ಗನ್ನು ಬರಿಸಿಕೊಳ್ಳುತ್ತಿದ್ದರು. ಇವರಿಗೆ ತಾನಾಗಿಯೇ ಬಂದದ್ದೊಂದು ಬೇಕಿತ್ತು. ಇದರಿಂದ ಏನು ಉಪಯೋಗ ಎಂದು ಪ್ರಾಚಾರ್ಯರು ಕೇಳಿದಾಗ, "ಏನೂ ಇಲ್ರಿ ಸರ್, ಖರೇ ಏನಂತ ಗೊತ್ತಾಗತೈತಿ" ಎಂದು ಹೇಳಿ ಬಂದಿದ್ದರು.

ಎರಡನೆಯ ವರ್ಷ ಒಂದು ಮಧ್ಯಾಹ್ನ ಪರದೆಯ ಮೇಲೆ ಕಡಾಯಿಯಂಥ ಅಗಲವಾದ ತಗ್ಗು ಕಾಣಿಸಿತು. ಪ್ರೋಗ್ರಾಮು ಕೆಟ್ಟಿತೆಂದು ನಾನು, ಮಹಾ ಜಾಣೆ, ಆ ಫೈಲನ್ನೇ ಅಳಿಸಿ ಮತ್ತೆ ಓಡಿಸಿದೆ. ಚಹಾ ಕುಡಿಯುವಾಗ ಹೆಮ್ಮೆಯಿಂದ ಹೇಳಿದೆ ಕೂಡ.

"ಹೆಂಗ ಕೆಟ್ಟಿತ್ತು?" ಮೇಡಂ ಕಪ್ಪು ಕೆಳಗಿಟ್ಟರು. ಕಾಗದದ ಮೇಲೆ ಗೀಚಿ ತೋರಿಸುತ್ತಿದ್ದಂತೆ ನನಗೇ ಅರ್ಥವಾಯಿತು: ಏನೂ ಕೆಟ್ಟಿರಲಿಲ್ಲ, ಅವರು ಕಾಯುತ್ತಿದ್ದ ತಗ್ಗೇ ಅದು. ಅದನ್ನೇ ಮತ್ತೆ ಬೆಳೆಸಲು ಕಂಪ್ಯೂಟರಿಗೆ ಕೊಡಬೇಕಾದ ಆರಂಭದ ಸಂಖ್ಯೆಯೂ ಆ ಫೈಲಿನ ಜೊತೆಗೇ ಹೋಗಿತ್ತು. ಬೈಗುಳಕ್ಕೆ ಕಾದೆ. ಅವರು ಆ ಗೀಚನ್ನು ತಮ್ಮ ಕಡೆ ತಿರುಗಿಸಿಕೊಂಡು, "ನೀನರೆ ನೋಡಿದೆಲ್ಲ" ಅಂದರು. "ನಡಬರಕ ಹೆಂಗಿತ್ತು? ಇನ್ನೊಮ್ಮೆ ಹೇಳು."

ಬೈದಿದ್ದರೆ ಅವತ್ತಿಗೇ ಮುಗಿಯುತ್ತಿತ್ತೇನೋ. ಆಮೇಲೆ ಅವರ ಮುಖ ನೋಡುವುದೇ ನನಗೆ ಕಷ್ಟವಾಯಿತು. ಉಳಿದ ಕೆಲಸದ ಮೇಲೆ ಪದವಿ ಸಿಕ್ಕಿತು, ಬೆಳಗಾವಿಯ ಹಿಂದವಾಡಿಯಲ್ಲಿ ಪಾಠ ಹೇಳುವ ನೌಕರಿಯೂ ಸಿಕ್ಕಿತು. ಮೇಡಂ ನಿವೃತ್ತರಾಗಿ, ಆ ಕಂಪ್ಯೂಟರನ್ನೇ ಹೊತ್ತುಕೊಂಡು ಖಾನಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಅವರಿಗೆ ತಮ್ಮವರೆಂದು ಯಾರೂ ಇರಲಿಲ್ಲ. ಆಗಾಗ ಫೋನು ಬರುತ್ತಿತ್ತು: "ಒಮ್ಮೆ ಬಾರವಾ, ಹಲಸಿ ಗುಡಿ ನೋಡ್ಕೊಂಡ ಬರೂಣು." ನಾನು ಪರೀಕ್ಷೆ ಎನ್ನುತ್ತಿದ್ದೆ, ಪೇಪರು ತಿದ್ದುವುದಿದೆ ಎನ್ನುತ್ತಿದ್ದೆ. ನಾಚಿಕೆ ಎಂದು ಮಾತ್ರ ಹೇಳಲಿಲ್ಲ. ಕೊನೆಕೊನೆಗೆ ಫೋನೂ ನಿಂತಿತು.

ಕಳೆದ ಶ್ರಾವಣದಲ್ಲಿ ಅವರು ಹೋದ ಸುದ್ದಿ ವಾಟ್ಸಾಪಿನಲ್ಲಿ ಬಂತು. ಹಳೆಯ ವಿದ್ಯಾರ್ಥಿಗಳು ಆರೇಳು ಜನ ಅವರ ಮನೆಯ ಅಂಗಳದಲ್ಲಿ ನಿಂತಿದ್ದೆವು. ಒಳಗೆ ಕಂಪ್ಯೂಟರು ಇನ್ನೂ ಓಡುತ್ತಿತ್ತು. ಅದನ್ನು ಆರಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಬಾಜು ಮನೆಯ ಮಾವಶಿ ನಮ್ಮನ್ನೆಲ್ಲ ಒಂದು ಸಲ ನೋಡಿ ಕೇಳಿದರು:

"ಇಷ್ಟ ಮಂದಿ ಅದೀರಿ. ವರ್ಷಾತು, ಒಬ್ಬರೂ ಯಾಕ ಬರಲಿಲ್ರಿ?"

ಬೇರೆ ಯಾರಾದರೂ ಹೋಗಿ ಬರುತ್ತಿರುತ್ತಾರೆಂದು ಪ್ರತಿಯೊಬ್ಬರೂ ತಿಳಿದಿದ್ದೆವು. ನಾನಿರುವ ಪೀರನವಾಡಿಯಲ್ಲಿ ಖಾನಾಪುರದ ಬಸ್ಸು ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ.